ಇಲ್ಲಿನ ಅನುಭವ ಇಲ್ಲದವಳು

ಇಂಗ್ಲೆಂಡಿನಲ್ಲಿ ಕೆಲಸಕ್ಕಾಗಿ ಅಲೆದ ಆ ಚಳಿಗಾಲದ ಮಾತು ಬಂದರೆ ಇವತ್ತಿಗೂ ನನ್ನ ದನಿ ಏರುತ್ತದೆ. ‘ಆಗಿ ಎಷ್ಟು ವರ್ಷ ಆಯಿತು, ಬಿಡು’ ಎಂದು ಮನೆಯವರು ಅನ್ನುತ್ತಾರೆ. ಬಿಡಲು ನನಗೆ ಮನಸ್ಸಿಲ್ಲ.

ನಮ್ಮದು ಮಸ್ಕಿ. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಎಂಬತ್ತರ ದಶಕದಲ್ಲಿ ಗುಲ್ಬರ್ಗಾಕ್ಕೆ ಹೋಗಿ ನಾನು ಸಿವಿಲ್ ಎಂಜಿನಿಯರಿಂಗ್ ಓದಿದೆ. ಅಲ್ಲಿಯವರೆಗೆ ನಮ್ಮ ಓಣಿಯ ಹೆಣ್ಣುಮಕ್ಕಳು ಹೆಚ್ಚೆಂದರೆ ಟೀಚರ್ ಟ್ರೇನಿಂಗ್ ಮುಗಿಸುತ್ತಿದ್ದರು. ಓದಿದ ಮೇಲೆ ಸಿಂಧನೂರಿನಲ್ಲಿ ಕೆಲಸ ಸಿಕ್ಕಿತು. ಕಾಲುವೆ ನೀರಿನಿಂದ ಕೆಟ್ಟ ಹೊಲಗಳ ಸರ್ವೆ. ಭತ್ತಕ್ಕೆ ನೀರು ಹಾಯಿಸಿ ಹಾಯಿಸಿ ಗೊರೇಬಾಳದ ಕಡೆಯ ತಗ್ಗಿನ ಹೊಲಗಳು ಸವಳು-ಜವಳಾಗಿದ್ದವು. ನೀರು ಬಸಿಯದೆ ನಿಂತು, ಉಪ್ಪು ಮೇಲೆದ್ದು, ಬೇಸಿಗೆಯಲ್ಲಿ ನೆಲವೆಲ್ಲ ಬೆಳ್ಳಗೆ ಕಾಣುತ್ತಿತ್ತು. ಕೆಸರಿನಲ್ಲಿ ನಿಂತು ನೆಲದ ಮಟ್ಟ ಅಳೆದು, ಬಸಿಗಾಲುವೆ ಎಲ್ಲಿ ತೋಡಬೇಕೆಂದು ನಕ್ಷೆ ಹಾಕುತ್ತಿದ್ದೆ. ಅದನ್ನೇ ಇನ್ನೂ ಆಳವಾಗಿ ಓದಬೇಕೆನ್ನಿಸಿತು. ತೊಂಬತ್ತರ ದಶಕದ ಆರಂಭದಲ್ಲಿ ಸ್ಕಾಲರ್‌ಶಿಪ್ ಸಿಕ್ಕು ಇಂಗ್ಲೆಂಡಿಗೆ ಹೋದೆ.

ಓದಿಗೆ ಏನೂ ತೊಡಕಾಗಲಿಲ್ಲ. ಅಲ್ಲಿಯವನೇ ಆದ ಒಬ್ಬ ಸಹಪಾಠಿ ನನ್ನ ಜೊತೆ ಪ್ರಾಜೆಕ್ಟ್ ಮಾಡಿದ. ಮಿತಭಾಷಿ, ಒಳ್ಳೆಯವನು. ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಉಪ್ಪೇರಿದ ಹೊಲವನ್ನು ಅವನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ. ಸಿಂಧನೂರಿನ ನನ್ನ ಅಳತೆಗಳನ್ನೇ ಇಟ್ಟುಕೊಂಡು ಇಬ್ಬರೂ ಕೂತು ಪ್ರಾಜೆಕ್ಟ್ ಮುಗಿಸಿದೆವು.

ಆಮೇಲೆ ಶುರುವಾಯಿತು ಕೆಲಸದ ಬೇಟೆ. ನನ್ನಂಥವಳನ್ನು ತೆಗೆದುಕೊಳ್ಳಬೇಕಾದರೆ, ಆ ಕೆಲಸಕ್ಕೆ ತಮ್ಮ ದೇಶದವರು ಯಾರೂ ಸಿಗಲಿಲ್ಲ ಎಂದು ಕಂಪನಿಯವರು ಸರ್ಕಾರಕ್ಕೆ ತೋರಿಸಿಕೊಟ್ಟು ಪರ್ಮಿಟ್ ತರಬೇಕಿತ್ತು. ಪರ್ಮಿಟ್ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಎಷ್ಟೋ ಕಂಪನಿಯವರು ಫೋನ್ ಇಟ್ಟುಬಿಡುತ್ತಿದ್ದರು. ವಿದ್ಯಾರ್ಥಿಗಳಿಗೆ ಕೆಲಸ ಹುಡುಕಲು ನೆರವಾಗುವ ಹೆಂಗಸೊಬ್ಬರು ವಿಶ್ವವಿದ್ಯಾಲಯದಲ್ಲಿದ್ದರು. ನನ್ನ ಅರ್ಜಿ ನೋಡಿ ಸಲಹೆ ಕೊಟ್ಟರು: “ಈ ಊರುಗಳ ಹೆಸರು ತೆಗೆದುಬಿಡಿ. ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಮಾಡಿದ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಹೆಸರನ್ನೂ ಸ್ವಲ್ಪ ಚಿಕ್ಕದು ಮಾಡಿಕೊಂಡರೆ ಒಳ್ಳೆಯದು.” ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದರು. ನನಗೆ ಮಾತ್ರ ಮೈ ಉರಿಯಿತು. ಊರನ್ನೂ ತೆಗೆಯಲಿಲ್ಲ, ಹೆಸರನ್ನೂ ಕತ್ತರಿಸಲಿಲ್ಲ.

ಕೊನೆಗೆ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಬಿಸಿಲುನಾಡುಗಳ ನೀರಾವರಿಗೆ ಸಲಹೆ ಕೊಡುವುದೇ ಅವರ ವ್ಯವಹಾರ. ಎದುರಿಗೆ ಕೂತ ನರೆಗೂದಲಿನ ಹಿರಿಯ ಅಧಿಕಾರಿ ನನ್ನ ಕಾಗದಗಳನ್ನು ತಿರುವಿ ಹಾಕಿ, “ನಿಮಗೆ ಇಲ್ಲಿನ ಅನುಭವ ಇಲ್ಲವಲ್ಲ?” ಎಂದರು.

“ಇಲ್ಲ. ಆದರೆ ನಿಮ್ಮ ಕೆಲಸ ನಡೆಯುವುದೆಲ್ಲ ನಮ್ಮಂಥ ಊರುಗಳಲ್ಲೇ ಅಲ್ಲವೇ?”

ಅವರು ನಕ್ಕರು. “ನಿಮ್ಮ ಮಾತು ಅರ್ಥವಾಗುತ್ತದೆ. ಆದರೆ ನಮ್ಮ ಜೊತೆ ಒಪ್ಪಂದ ಮಾಡಿಕೊಳ್ಳುವವರು ಇಲ್ಲಿನ ಎಂಜಿನಿಯರನ್ನೇ ಬಯಸುತ್ತಾರೆ.” ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ, ಇಲ್ಲಿನ ಚಳಿ ನನಗೆ ಒಗ್ಗಿತೇ ಎಂದು. ಬಸಿಗಾಲುವೆಯ ಬಗ್ಗೆ ಒಂದು ಮಾತಿಲ್ಲ.

ಆ ಕೆಲಸ ಸಿಕ್ಕಿದ್ದು ನನ್ನ ಸಹಪಾಠಿಗೆ. ಸಂಜೆ ಹೊತ್ತು ನಾನು ತಟ್ಟೆ ತೊಳೆಯುತ್ತಿದ್ದ ಕ್ಯಾಂಟೀನಿಗೆ ತಾನೇ ಬಂದು, ತಲೆ ತಗ್ಗಿಸಿ ಹೇಳಿದ. ಸಂತೋಷ ಎಂದೆ. ಅವನು ಹೋದ ಮೇಲೆ ತಟ್ಟೆಗಳನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಮೇಲ್ವಿಚಾರಕಿ ಓಡಿ ಬಂದಳು.

ಮಸ್ಕಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಸಮಾಧಾನದ ಮಾತಾಡುತ್ತಾನೆ ಅಂದುಕೊಂಡಿದ್ದೆ. ಅವನು ನನಗಿಂತ ಸಿಟ್ಟಾದ. “ನೀ ಕೆಲಸ ಕೇಳಾಕ ಹೋಗೀಯೋ, ಭಿಕ್ಷಾ ಬೇಡಾಕ ಹೋಗೀಯೋ? ಸಾಕು ಯವ್ವಾ, ಬಾ ಊರಿಗೆ!” ವೀಸಾ ಅವಧಿಯೂ ಮುಗಿಯುತ್ತಿತ್ತು. ಬಂದೆ.

ಮರುವರ್ಷ ಸಿಂಧನೂರಿನ ನನ್ನ ಹಳೆಯ ಆಫೀಸಿನಿಂದ ಸಾಹೇಬರು ಹೇಳಿ ಕಳಿಸಿದರು. ಹೋದೆ. “ಮೇಡಂ, ಇಂಗ್ಲೆಂಡ್‌ದಿಂದ ಎಕ್ಸ್‌ಪರ್ಟ್ ಬಂದಾರ್ರೀ. ಜವಳು ಭೂಮಿ ನೋಡಾಕತ್ತಾರ. ಅವರ ಮಾತು ರೈತರಿಗೆ ತಿಳಿಸಿ ಹೇಳಾಕ ಒಬ್ಬರು ಬೇಕಾಗ್ಯದ. ನಿಮಗ ಇಂಗ್ಲಿಷ್ ಚಲೋ ಬರ್ತದಲ್ರೀ?” ಎಂದರು.

ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಅದೇ ನರೆಗೂದಲಿನ ಅಧಿಕಾರಿ. ಇನ್ನೊಬ್ಬ ಬಿಸಿಲಿಗೆ ಮುಖ ಕೆಂಪಾಗಿದ್ದ ನನ್ನ ಸಹಪಾಠಿ. ನನ್ನನ್ನು ನೋಡಿ ಅವನು ಎದ್ದು ನಿಂತ. ಅಧಿಕಾರಿಗೆ ನನ್ನ ಗುರುತೇ ಹತ್ತಲಿಲ್ಲ. ನಾನೇ ನೆನಪು ಮಾಡಿಕೊಟ್ಟೆ.

“ನನಗೆ ನಿಮ್ಮ ದೇಶದ ಅನುಭವ ಇಲ್ಲ ಅಂತ ಕೆಲಸ ಕೊಡಲಿಲ್ಲ. ಇವನಿಗೆ ನಮ್ಮ ದೇಶದ ಯಾವ ಅನುಭವ ಇದೆ ಅಂತ ಎಕ್ಸ್‌ಪರ್ಟ್ ಮಾಡಿ ಕರೆತಂದಿರಿ?”

“ಅದು ಬೇರೆ ವಿಷಯ,” ಎಂದರು ಅವರು.

“ಹೇಗೆ ಬೇರೆ? ಹೇಳಿ, ಕೇಳುತ್ತೇನೆ.”

ನಮ್ಮ ಸಾಹೇಬರು ಗಾಬರಿಯಾಗಿ, “ಮೇಡಂ, ಸ್ವಲ್ಪ ಸಾವಕಾಶ ಮಾತಾಡ್ರೀ” ಎಂದು ಪಿಸುಗುಟ್ಟಿದರು. ಸಾವಕಾಶ ಮಾತಾಡುವ ಹೊತ್ತು ಅದಾಗಿರಲಿಲ್ಲ. ಎಂಜಿನಿಯರ್ ಅಂತ ತೆಗೆದುಕೊಂಡರೆ, ವರದಿಯ ಮೇಲೆ ನನ್ನ ಹೆಸರೂ ಬಂದರೆ ಕೆಲಸ ಮಾಡುತ್ತೇನೆ, ಬರೀ ಬಾಯಿ ಬಾಡಿಗೆಗೆ ಕೊಡಲು ಬಂದಿಲ್ಲ ಎಂದು ಹೇಳಿ ಹೊರಟೆ.

ಆಗ ಸಹಪಾಠಿ ಬಾಯಿ ಬಿಟ್ಟ. “ಈ ಹೊಲಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇವರು ಮಾಡಿದ ಸರ್ವೆಯಿಂದ. ಇವರಿಲ್ಲದೆ ನಾನು ವರದಿ ಬರೆಯಲಾರೆ.”

ಆ ಮಾತಿನಿಂದಲೇ ನನಗೆ ಕೆಲಸ ಸಿಕ್ಕಿತು, ಸುಳ್ಳು ಹೇಳಬಾರದು. ಆದರೆ ಅದನ್ನು ಅವನು ಅಲ್ಲೇ, ಅವರ ಊರಲ್ಲೇ ಹೇಳಬಹುದಿತ್ತಲ್ಲ? ಮುಂದೆ ಒಂದು ದಿನ ಜೀಪಿನಲ್ಲಿ ಕೇಳಿಯೇಬಿಟ್ಟೆ. “ಹೇಳಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತೇನೋ ಎಂಬ ಭಯ,” ಎಂದ. ನಿಜ ಹೇಳಿದನೆಂದು ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ.

ನನ್ನ ಹೆಸರೂ ಸೇರಿದ ಆ ವರದಿ ಮುಗಿದಾಗ ಕಂಪನಿಯವರು ತಮ್ಮ ಲೆಟರ್‌ಹೆಡ್ಡಿನಲ್ಲಿ ನನಗೊಂದು ಪ್ರಮಾಣಪತ್ರ ಕೊಟ್ಟರು. ಅದನ್ನು ಲಗತ್ತಿಸಿ ಹಾಲೆಂಡಿನ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ಪರ್ಮಿಟ್ಟನ್ನು ಅವರೇ ಮಾಡಿಸಿ ಕರೆಸಿಕೊಂಡರು. ನಿಮ್ಮ ಅಂತರರಾಷ್ಟ್ರೀಯ ಅನುಭವ ನಮಗೆ ಬಹಳ ಮೆಚ್ಚುಗೆಯಾಯಿತು ಎಂದರು. ಅದೇ ಹೊಲ, ಅದೇ ಕೆಸರು, ಅದೇ ನಾನು. ನಮ್ಮ ಸರ್ಕಾರಿ ಆಫೀಸಿನ ಠಸ್ಸೆಯಡಿ ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸ, ಬಿಳಿಯರ ಕಾಗದದ ಮೇಲೆ ಬಂದ ಕೂಡಲೇ ಅನುಭವವಾಗಿಬಿಟ್ಟಿತು!

ಹೊರಡುವ ಮೊದಲು ಲಿಂಗಸುಗೂರಿಗೆ ಹೋಗಿ ಸೋದರತ್ತೆಯನ್ನು ಕಂಡು ಬಂದೆ. ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ಕೂಡಿಸಿಕೊಂಡು ಊಟಕ್ಕೆ ಬಡಿಸುತ್ತ ಅತ್ತೆ ಅಂದಳು: “ನಿನ್ನ ನಸೀಬ ಭಾಳ ಚಲೋ ಅದ ನೋಡು.”

“ನಸೀಬ ಅನಬ್ಯಾಡ ಅತ್ತಿ,” ಎಂದೆ. “ನಸೀಬ ಇದ್ದಿದ್ರ ಮೊದಲ ಸಲಾನೇ ಕೊಡತಿದ್ರು. ನಾ ಜಗಳಾಡಿ ತಗೊಂಡೀನಿ.”

ಅತ್ತೆ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. “ಹೌದೇನು? ಹಂಗಾದ್ರ ಯಾರ ಕೂಡ, ಏನಂತ ಜಗಳಾಡಿದಿ, ಪೂರಾ ಹೇಳು,” ಎಂದು ಹತ್ತಿರ ಸರಿದು ಕೂತಳು. ಹೇಳಿದೆ. ಮಧ್ಯಾಹ್ನದ ಬಸ್ಸು ತಪ್ಪಿತು.