ಅಮೋಘಿಯ ಕಡಕ್ ರೊಟ್ಟಿ, ಚಂದ್ರಿಯ ಬಾಯಿ

ತಿಕೋಟಾದ ಸುತ್ತ ದ್ರಾಕ್ಷಿ ಬೆಳೆದು ಹೆಸರಾದವರು ಬಹಳ ಮಂದಿ ಇದ್ದಾರೆ. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲದೆ ಕಡಕ್ ರೊಟ್ಟಿ ಕಡಿದು ಹೆಸರಾದವನು ಅಮೋಘಿ ಒಬ್ಬನೇ.

ಒಣದ್ರಾಕ್ಷಿ ಶೆಡ್ಡಿನ ಕಾವಲುಗಾರ ಅವನು. ಮಧ್ಯಾಹ್ನ ಬುತ್ತಿ ಬಿಚ್ಚಿ, ಟಾವೆಲನ್ನು ತಲೆಯ ಮೇಲಿಂದ ತೊಡೆಯವರೆಗೆ ಇಳಿಬಿಟ್ಟು ಕೂರುತ್ತಿದ್ದ. ಒಳಗಿನಿಂದ ‘ಕಟಂ’ ಎಂದು ಸಪ್ಪಳ ಬರುತ್ತಿತ್ತು. ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರ ಕೈ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ದೀರ್ಘ ಮೌನ. ಆ ಹೊತ್ತಿನಲ್ಲಿ ಶೆಡ್ಡಿನ ಮಾಲಕರೇ ಬಂದು ಕೂಗಿದರೂ ಅಮೋಘಿ ಓಗೊಡುತ್ತಿರಲಿಲ್ಲ. ಅವನ ವಸಡು ಗೋಳಗುಮ್ಮಟ ಕಟ್ಟಿ ಉಳಿದ ಕಲ್ಲಿನಿಂದ ಆದದ್ದೆಂದು ಕೆಲವರು ಹೇಳಿದರು. ರೊಟ್ಟಿ ಮುರಿದ ಮರುಗಳಿಗೆಯಲ್ಲಿ ಮನೆದೇವರು ಅವನ ಕಿವಿಯಲ್ಲಿ ಮಾತಾಡುತ್ತಾನೆ, ಮೌನ ಅದಕ್ಕೇ ಎಂದು ಉಳಿದವರು ನಂಬಿದರು. ಗಾಡಿಗೆ ಮಾಲು ತುಂಬುವ ಮುತ್ತುವಂತೂ, ಅಮೋಘಿ ಕಾಕಾ ಗುಮ್ಮಟದೊಳಗೆ ಕೂತು ಒಂದು ರೊಟ್ಟಿ ಕಡಿದರೆ ಏಳು ರೊಟ್ಟಿ ಕಡಿದಂತೆ ಕೇಳಿಸುತ್ತದೆ ಎಂದು ಸಾಂಗ್ಲಿಯ ವ್ಯಾಪಾರಿಗಳಿಗೆಲ್ಲ ಹೇಳಿ ಕಳಿಸಿದ್ದ.

ಅಮೋಘಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇದ್ದ ಕುರಿಗಳನ್ನು ಮಾರಿ ಕೂಲಿಗೆ ಬಂದವನಿಗೆ ಊರು ಕೊಟ್ಟ ಬಿರುದು ಅದೊಂದೇ.

ಆ ಬಿರುದಿಗೆ ಕುತ್ತು ತಂದದ್ದು ಒಂದು ಬೆಕ್ಕು. ಚಂದ್ರಿ ಎಂಬ ಆ ಬೆಕ್ಕು ಅವನ ಹೆಂಡತಿ ಬೋರವ್ವನದು. ತವರು ಬಬಲೇಶ್ವರದಿಂದ ಸೆರಗಿನಲ್ಲಿ ಕಟ್ಟಿ ತಂದ ಮರಿ. “ನಮ್ಮಪ್ಪನ ಮನಿಯಿಂದ ನನಗ ಬಂದ ಆಸ್ತಿ ಇದೊಂದ” ಎನ್ನುತ್ತಿದ್ದಳು. ಶೆಡ್ಡಿನ ಇಲಿಗಳಿಗೆ ಯಮನಾಗಿದ್ದ ಚಂದ್ರಿ ಈ ಬೇಸಿಗೆಯಲ್ಲಿ ಜೊಲ್ಲು ಸುರಿಸತೊಡಗಿತು. ಹಸಿದು ತಟ್ಟೆಗೆ ಬಾಯಿ ಹಾಕುವುದು, ಚೀರಿ ಹಿಂದೆ ಸರಿಯುವುದು. ವಿಜಯಪುರದಲ್ಲಿ ಗುಮ್ಮಟದ ಹತ್ತಿರ ದವಾಖಾನೆ ಇಟ್ಟಿರುವ ಡಾಕ್ಟರ್ ನೇತ್ರಾ ಅದರ ಬಾಯಿ ತೆರೆದು ನೋಡಿ, ಹಲ್ಲು ತೆಗೆಯದೆ ಗತಿಯಿಲ್ಲ ಎಂದರು. ಕೋರೆಹಲ್ಲು ಸಮೇತ ಎಲ್ಲವನ್ನೂ ತೆಗೆದು, ಹೊಲಿಗೆ ಹಾಕಿ, ಕಳಿಸುವಾಗ ಒತ್ತಿ ಹೇಳಿದರು:

“ಗಾಯ ಮಾಯೂತನಕ ಗಟ್ಟಿದೇನೂ ಕೊಡಬ್ಯಾಡ್ರಿ. ರೊಟ್ಟಿ ಕೊಟ್ರೂ ಹಾಲಾಗ ನೆನಸಿ, ಗಂಜಿ ಹಂಗ ಕಿವಿಚಿ ಕೊಡ್ರಿ.”

ಮರುದಿನವೇ ಬಬಲೇಶ್ವರದಿಂದ ಸುದ್ದಿ ಬಂತು. ಬೋರವ್ವನ ಅಕ್ಕ ಬಿದ್ದು ಕಾಲು ಮುರಿದುಕೊಂಡಿದ್ದಳು. ಬಸ್ಸು ಹತ್ತುವಾಗ ಬೋರವ್ವ ತಿರುಗಿ, “ನಾ ಬರೂತನಕ ಆಕಿ ಬಾಯಿ ನಿನ್ನ ಕೈಯಾಗೈತಿ ನೋಡು” ಎಂದಳು.

ಅಮೋಘಿ ಬೆಕ್ಕನ್ನು ದ್ರಾಕ್ಷಿಯ ಕ್ರೇಟಿನಲ್ಲಿಟ್ಟು ದಿನವೂ ಶೆಡ್ಡಿಗೆ ಒಯ್ದ. ಹೇಳಿದಂತೆಯೇ ಹಾಲಿನಲ್ಲಿ ಕಲಸಿ ತಿನ್ನಿಸಿದ, ಅದೂ ಯಾರೂ ಕಾಣದ ಮೂಲೆಯಲ್ಲಿ. ಒಂದು ಮಧ್ಯಾಹ್ನ ಮುತ್ತು ಕಂಡುಬಿಟ್ಟ.

“ಏ ಕಾಕಾ! ಬೊಚ್ಚಬಾಯಿಲೆ ನೀ ಕಟಂ ಕಟಂ ಕಡೀತಿ, ನಿನ್ನ ಬೆಕ್ಕಿಗೆ ನೆನಸಿ ಕೊಡೂದೇನು? ಮರ್ಯಾದಿ ಹ್ವಾತಲ್ಲೋ ನಿಂದು!”

“ಮನಿಯಾಗ ಉಸ್ತಾದ ಇದ್ದೂ ತಾಲೀಮು ಕೊಟ್ಟಿಲ್ಲ ನೋಡ ಬೇ” ಎಂದು ಆರಿಸುವ ಹೆಂಗಸರ ಮುಂದಾಳು ದುಂಡವ್ವ ದನಿಗೂಡಿಸಿದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು.

ಅಮೋಘಿಯ ಕೈ ಬಟ್ಟಲಿನ ಮೇಲೆ ನಿಂತಿತು. ರೊಟ್ಟಿಯ ಜೊತೆಗೆ ತನ್ನ ಹೆಸರೂ ಆ ಹಾಲಿನಲ್ಲಿ ಕರಗಿಹೋದೀತು ಅನ್ನಿಸಿತು. “ನಮ್ಮ ಚಂದ್ರಿ ಯಾರಿಗಿ ಕಡಿಮಿ?” ಎಂದವನೇ ಒಣ ತುಂಡನ್ನು ಮುಂದಿಟ್ಟ. ಹಸಿದ ಬೆಕ್ಕು ಅದರ ಮೇಲೆ ಬಿತ್ತು, ತಲೆ ಕೊಡವಿತು, ಮುಂಗಾಲಿನಿಂದ ಬಾಯಿ ಉಜ್ಜಿಕೊಂಡಿತು, ಹೇಗೋ ನುಂಗಿತು. ಜನ ಚಪ್ಪಾಳೆ ತಟ್ಟಿದರು.

ಸಂಜೆ ಹಾಲು ಕುಡಿಯುವಾಗ ಚಂದ್ರಿ ಸೀನಿತು. ಮೂಗಿನ ಒಂದು ಹೊಳ್ಳೆಯಿಂದ ಹಾಲು ಹೊರಗೆ ಬಂತು. ಹಾಲಿನಲ್ಲಿ ರಕ್ತದ ಎಳೆ ಇತ್ತು. ಆಮೇಲೆ ಅದು ಹಾಲನ್ನೂ ಮೂಸಲಿಲ್ಲ. ಕೆನ್ನೆ ಊದಿಸಿಕೊಂಡು, ದ್ರಾಕ್ಷಿ ಒಣಹಾಕಿದ ಬಲೆಗಳ ಕೆಳಗಿನ ಕತ್ತಲಲ್ಲಿ ಮುದುಡಿ ಕೂತುಬಿಟ್ಟಿತು.

“ಉಂಡಳೇನು?” ಎಂದು ಫೋನಿನಲ್ಲಿ ಬೋರವ್ವ ಕೇಳಿದಳು.

“ಉಂಡಾಳ.”

“ಆಕಿ ದನಿಯರ ಕೇಳಸು.”

“ಮಲಗ್ಯಾಳ.”

ಮೌನಕ್ಕೆ ಹೆಸರಾದವನು ಸುಳ್ಳಿನಲ್ಲೂ ಪಳಗತೊಡಗಿದ್ದ. ಆದರೆ ಮೂರನೆಯ ದಿನ ಮುಂಜಾನೆ ಚಂದ್ರಿಯನ್ನು ಒಳಗಿಟ್ಟು ಕ್ರೇಟು ಎತ್ತಿದಾಗ ಅದು ಖಾಲಿಯಿದ್ದಷ್ಟೇ ಹಗುರಾಗಿತ್ತು. ಅಮೋಘಿ ಮೊದಲ ಬಸ್ಸು ಹಿಡಿದ.

ನೇತ್ರಾ ಬ್ಯಾಟರಿ ಬಿಟ್ಟು ಚಂದ್ರಿಯ ಬಾಯಿ ನೋಡಿದರು. “ಮ್ಯಾಲಿನ ಕೋರೆಹಲ್ಲಿನ ಬೇರಿಗೂ ಮೂಗಿಗೂ ನಡುವ ತೆಳ್ಳನ ಗ್ವಾಡಿ ಇರ್ತೈತ್ರಿ ಅಜ್ಜಾರ. ಹೊಲಿಗಿ ಬಿಚ್ಚಿ ಅಲ್ಲಿ ತೂತು ಬಿದ್ದೈತಿ. ತಿಂದದ್ದು ಕುಡಿದದ್ದು ಮೂಗಿಗೆ ಹೋಗಾಕತ್ತೈತಿ.” ಚಿಮಟಿಗೆಯಿಂದ ಅವರು ಗಾಯದೊಳಗಿಂದ ಏನನ್ನೋ ಹೊರತೆಗೆದರು. ಎಳ್ಳು ಅಂಟಿದ ರೊಟ್ಟಿಯ ಚೂರು. “ಇದೇನ್ರಿ?”

ಬಾಯಲ್ಲಿ ಏನೂ ಇಲ್ಲದೆ ಅಮೋಘಿ ಮೌನವಾಗಿ ಕೂತದ್ದು ಅದೇ ಮೊದಲು.

“ಕೀವು ಆಗೈತಿ, ಜ್ವರ ಐತಿ” ಎಂದರು ನೇತ್ರಾ. “ಬೆಕ್ಕು ಅನ್ನ ಬಿಟ್ರ ಲಿವರ್ ಲಗೂನ ಕೆಡತೈತ್ರಿ. ಸಲಾಯಿನ್ ಹಚ್ಚಿ, ಸ್ವಲ್ಪ ಸುಧಾರಿಸಿದ ಮ್ಯಾಲೆ ಮತ್ತ ಆಪರೇಶನ್ ಮಾಡಬೇಕು. ಎಚ್ಚರ ತಪ್ಪಿಸಿದ್ದು ತಿರುಗಿ ಏಳ್ತೈತಿ ಅಂತ ನಾ ಮಾತು ಕೊಡಾಂಗಿಲ್ಲ.”

ಹೊರಗಿನ ಕಟ್ಟೆಯ ಮೇಲೆ ಅಮೋಘಿ ಕೂತ. ಮರಗಳ ಮೇಲೆ ಗುಮ್ಮಟ ಕಾಣುತ್ತಿತ್ತು. ಅದರೊಳಗೆ ಈ ಹೊತ್ತಿಗೆ ಜನ ಕೂಗಿ, ತಮ್ಮ ದನಿಯನ್ನೇ ಮತ್ತೆ ಮತ್ತೆ ಕೇಳಿ ನಗುತ್ತಿರಬೇಕು. ಮುತ್ತು ಹೇಳುತ್ತಿದ್ದ ಏಳು ರೊಟ್ಟಿಯ ಸಪ್ಪಳ ನೆನಪಾಗಿ ಅವನು ಗುಮ್ಮಟಕ್ಕೆ ಬೆನ್ನು ಮಾಡಿ ಕೂತ. ತಾನಾಗಿಯೇ ಬೋರವ್ವನಿಗೆ ಫೋನು ಮಾಡಿದ.

“ನಾ ಒಣ ರೊಟ್ಟಿ ಕೊಟ್ಟೆ ಬೇ. ಮಂದಿ ನೋಡಾಕತ್ತಿದ್ರು.”

“ಈಗೂ ನೋಡಾಕತ್ತಾರೇನು ಮಂದಿ?”

“ಇಲ್ಲ.”

“ಹಂಗಾರ ಅಲ್ಲೇ ಕುಂದರು. ಬರ್ತೇನಿ.”

ಬಂದವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆಪರೇಶನ್ನಿನ ದಿನ ಇಬ್ಬರೂ ಒಂದೇ ಕಟ್ಟೆಯ ಮೇಲೆ, ನಡುವೆ ಖಾಲಿ ಕ್ರೇಟು ಇಟ್ಟುಕೊಂಡು ಕಾದರು. ನೇತ್ರಾ ಪಕ್ಕದ ವಸಡನ್ನು ಎಳೆದು ತೂತಿನ ಮೇಲೆ ಹೊಲಿದಿದ್ದರು. ಗಂಜಿ ಬಾಯಿ ಮುಟ್ಟದೆ ಹೊಟ್ಟೆಗೆ ಹೋಗಲೆಂದು ಕತ್ತಿನ ಬದಿಯಿಂದ ಸಣ್ಣ ನಳಿಗೆ ಇಳಿಸಿದ್ದರು. ಚಂದ್ರಿ ಕಣ್ಣು ಬಿಡಲು ಸಂಜೆಯಾಯಿತು. ಬೋರವ್ವ ಸೆರಗಿನಿಂದ ಅದರ ಮೂಗು ಒರೆಸಿದಳು, ಅದೇ ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡಳು.

ನಳಿಗೆಯಲ್ಲಿ ಗಂಜಿ ಬಿಡುವ ಕೆಲಸವನ್ನು ಅಮೋಘಿ ಯಾರಿಗೂ ಬಿಟ್ಟುಕೊಡಲಿಲ್ಲ. ಕುರಿಮರಿಗೆ ಹಾಲು ಕುಡಿಸಿದ ಕೈ ಅದು. ಗಾಯ ಮಾಯ್ದು ನಳಿಗೆ ತೆಗೆದ ಮೇಲೆ ಚಂದ್ರಿ ಮತ್ತೆ ಕ್ರೇಟಿನಲ್ಲಿ ಕೂತು ಶೆಡ್ಡಿಗೆ ಬಂತು.

ಅಂದು ಮಧ್ಯಾಹ್ನ ಟಾವೆಲು ಹೆಗಲ ಮೇಲೆಯೇ ಉಳಿಯಿತು. ಎಲ್ಲರ ನಡುವೆ ಕೂತ ಅಮೋಘಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದ. ‘ಕಟಂ.’ ಅದೇ ಸಪ್ಪಳ. ದುಂಡವ್ವನ ಕೈ ದ್ರಾಕ್ಷಿಯ ರಾಶಿಯಲ್ಲೇ ನಿಂತಿತು. ಒಂದು ತುಂಡು ಬೆಕ್ಕಿನ ಬಟ್ಟಲಿಗೆ, ಒಂದು ತುಂಡು ಅವನ ಬಟ್ಟಲಿಗೆ ಬಿತ್ತು. ಎರಡಕ್ಕೂ ಹಾಲು ಸುರಿದ, ನೆನೆಯಲು ಬಿಟ್ಟ, ಬೆಕ್ಕಿನದನ್ನು ಬೆರಳಿನಿಂದ ಕಿವಿಚಿದ. ಚಂದ್ರಿ ನೆಕ್ಕಿತು. ಅಮೋಘಿ ಅದರ ಮೂಗನ್ನೇ ನೋಡುತ್ತ ಕೂತ. ಹೊಳ್ಳೆ ಒಣಗಿಯೇ ಇತ್ತು.

ಮುತ್ತುವಿಗೆ ತಡೆಯಲಾಗಲಿಲ್ಲ. “ಕಾಕಾ, ಹಂಗಾರ ಇಷ್ಟ ವರ್ಷ ಆ ಟಾವೆಲ್ ಒಳಗ ಏನು ಮಾಡ್ತಿದ್ದಿ? ಸುಮ್ಮ ಕುಂತಾಗ ದೇವರು ಮಾತಾಡ್ತಿದ್ದಿಲ್ಲೇನು?”

“ಎಲ್ಲಿ ದೇವರೋ ತಮ್ಮಾ” ಎಂದ ಅಮೋಘಿ. “ರೊಟ್ಟಿ ಬಾಯಾಗ ಇಟ್ಕೊಂಡು ಮೆತ್ತಗಾಗಲಿ ಅಂತ ಕಾಯ್ತಿದ್ದೆ.”