ಮಾಲಿನಿ ಯಜಮಾನರ ಕತ್ತು ಕುಯ್ದದ್ದು

ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ನಿಂತೇ ತುಮಕೂರಿಗೆ ಬರುತ್ತಿದ್ದ ಮಾಲಿನಿ ಇರುವೆಯನ್ನೂ ಕೊಂದವಳಲ್ಲ. ಆದರೆ ಅಲ್ಲಿನ ಸದಾಶಿವನಗರದ ಪುಟ್ಟ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಳೆಂದರೆ ಅವಳಷ್ಟು ನಿರ್ದಯಿ ಇನ್ನೊಬ್ಬರಿಲ್ಲ. ಮಾಲೀಕ ನಾಗಭೂಷಣ್ ವೆಬ್ ಪುಟವನ್ನು ಮದುವೆ ಕರೆಯೋಲೆಯಂತೆ ಒಂದೇ ಚಿತ್ರವಾಗಿ ಬಿಡಿಸಿ ಕೊಡುತ್ತಿದ್ದರು. ಇವಳು ಅದನ್ನು ಅಡ್ಡಡ್ಡ ಉದ್ದುದ್ದ ಕೊಯ್ದು, ತುಂಡುಗಳನ್ನು ಟೇಬಲ್ ಎಂಬ ಕೋಷ್ಟಕದ ಚೌಕಗಳಲ್ಲಿ ಕೂರಿಸಿ, ಕೋಡ್ ಬರೆದು, ಏನೂ ಆಗಿಲ್ಲವೆಂಬಂತೆ ಜೋಡಿಸುತ್ತಿದ್ದಳು. ಇದು 2003ರ ಮಾತು. ಆಗಿನ ಯುದ್ಧಧರ್ಮವೇ ಅದು.

ಗುಬ್ಬಿಯ ಕೊಬ್ಬರಿ ಮಂಡಿಯ ಪುಟ, ಅವಳೊಬ್ಬಳೇ ಕಟ್ಟಿದ ಮೊದಲ ಪುಟ.

"ಇದು ಪಾಸಾದ್ರೆ ಇನ್ಮೇಲೆ ಪುಟ ಕಟ್ಟೋ ಲೇಔಟ್ ಕೆಲ್ಸ ಎಲ್ಲಾ ನಿಂದೇ. ಇಲ್ಲಾಂದ್ರೆ ವಾಪಸ್ ಟೈಪಿಂಗ್ ಕಣಮ್ಮ" ಎಂದಿದ್ದರು ನಾಗಭೂಷಣ್. ಊರವರ ಬಯೋಡೇಟಾ ಟೈಪ್ ಮಾಡಿ ಮಾಡಿ ಮಾಲಿನಿಗೆ ತನ್ನದೇ ಹೆಸರು ಮರೆಯುವಂತಾಗಿತ್ತು.

ಪುಟ ತೋರಿಸಲು ಇಬ್ಬರೂ ಗುಬ್ಬಿಗೆ ಹೋದ ದಿನ ಮಂಡಿಯವರು ಮಾನಿಟರಿಗೆ ಕುಂಕುಮವಿಟ್ಟು ಹಾರ ಹಾಕಿದರು. ಪುಟದ ಎಡಗಡೆ ಸರಕಿನ ಹೆಸರುಗಳು. ಬಲಗಡೆ, ಮಂಡಿ ಕಟ್ಟಿದ ದಿವಂಗತ ಪುಟ್ಟರಂಗಯ್ಯನವರು ಪೇಟ ಕಟ್ಟಿಕೊಂಡು ನಿಂತಿದ್ದರು. ಅವರ ಹೆಂಡತಿ ರಂಗಮ್ಮ ಆರತಿ ತಟ್ಟೆ ಹಿಡಿದು ಕಣ್ಣು ಕಿರಿದು ಮಾಡಿದರು.

"ಅಕ್ಸರ ಕಾಣಾಕಿಲ್ಲ ಕಣ್ಲಾ ಕನಕ."

"ತಡಿಯವ್ವ, ದೊಡ್ದು ಮಾಡ್ತೀನಿ" ಎಂದು ಮಗ ಕನಕರಾಜು ಬ್ರೌಸರಿನಲ್ಲಿ ಅಕ್ಷರಗಳನ್ನು ಹಿಗ್ಗಿಸಿದ.

ಎಡಗಡೆಯ ಸಾಲುಗಳು ಉಬ್ಬಿದವು. ಅದೇ ಸಾಲುಗಳ ಪಕ್ಕದ ಚೌಕಗಳಲ್ಲಿ ತುಂಡುತುಂಡಾಗಿ ಕೂರಿಸಿದ್ದ ಯಜಮಾನರ ತಲೆ ಮೇಲೆಯೇ ಉಳಿದು, ಮುಂಡ ಕೆಳಗಿಳಿಯಿತು. ನಡುವೆ ಬಿಳಿ ಬಯಲು. ಕೌರವರ ಪಾಳೆಯದಲ್ಲೂ ಕತ್ತು ಇಷ್ಟು ಅಚ್ಚುಕಟ್ಟಾಗಿ ಬಿದ್ದಿರಲಿಕ್ಕಿಲ್ಲ.

ಆರತಿ ಗಾಳಿಯಲ್ಲೇ ನಿಂತಿತು. "ಸತ್ತಾಗ್ಲೂ ಇಡೀ ಮನ್ಸನಾಗೇ ಹೋದ್ರು ಕಣವ್ವ" ಎಂದರು ರಂಗಮ್ಮ, ಮಾಲಿನಿಯತ್ತ ತಿರುಗಿ ಮೆಲ್ಲಗೆ. "ನೀನ್ಯಾಕೆ ಹಿಂಗ್ ಮಾಡ್ದೆ?"

"ಅಕ್ಷರ ಚಿಕ್ಕದು ಮಾಡಿದ್ರೆ ಸರಿಹೋಗುತ್ತಮ್ಮ" ಎಂದು ನಾಗಭೂಷಣ್ ಮುಂದೆ ಬಂದರು.

"ಇಲ್ಲ ಸಾರ್, ತಪ್ಪು ನಂದೇ" ಎಂದಳು ಮಾಲಿನಿ. "ನನ್ ಕಣ್ಣಿಗೆ ಸರಿಯಾಗಿ ಕಂಡ್ರೆ ಸಾಕು ಅನ್ಕೊಂಡ್ಬುಟ್ಟೆ."

ಆಫೀಸಿಗೆ ಮರಳಿ ಪುಟವನ್ನು ಹೊಸದಾಗಿ ಕೊಯ್ದಳು. ಪಕ್ಕದಲ್ಲಿ ಸಾಲುಗಳೆಷ್ಟೇ ಉಬ್ಬಲಿ, ಯಜಮಾನರಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಚೌಕ. ಅದಕ್ಕಾಗಿ ನಾಗಭೂಷಣ್ ಬಿಡಿಸಿದ್ದ, ಎಡದಿಂದ ಬಲಕ್ಕೆ ಆ ಚೌಕವನ್ನೂ ಸೀಳಿಕೊಂಡು ಹಾದಿದ್ದ ಬಂಗಾರದ ಗೆರೆ ಬಲಿಯಾಯಿತು.

"ನನ್ ಬಾರ್ಡರ್ ಹೋಯ್ತಲ್ಲಮ್ಮ!"

"ಬಾರ್ಡರ್ ಬೇಕೋ, ಯಜಮಾನ್ರು ಬೇಕೋ ಸಾರ್?"

ಮರುದಿನ ಮಂಡಿಯಲ್ಲಿ ಕನಕರಾಜು ಅಕ್ಷರಗಳನ್ನು ಹಿಗ್ಗಿಸಿದ, ಕುಗ್ಗಿಸಿದ, ಮತ್ತೆ ಹಿಗ್ಗಿಸಿದ. ಪುಟ್ಟರಂಗಯ್ಯನವರು ಅಲುಗಲಿಲ್ಲ. ರಂಗಮ್ಮ ಗಾಜಿನ ಮೇಲೆ ಅವರ ಕತ್ತಿರುವಲ್ಲಿ ಬೆರಳಾಡಿಸಿ ನೋಡಿ, ಆಮೇಲೆ ಆರತಿ ಎತ್ತಿದರು.

ವಾಪಸ್ ಬರುವಾಗ ನಾಗಭೂಷಣ್ ಮಾಲಿನಿಯತ್ತ ತಿರುಗಿದರು: "ಮುಂದಿನ್ ಪುಟಕ್ಕೆ ನಾನ್ ಚಿತ್ರ ಬಿಡಿಸ್ವಾಗ್ಲೇ ಪಕ್ಕದಲ್ಲಿ ಕೂತ್ಕೊ. ಎಲ್ಲಿ ಕುಯ್ಯಬಾರ್ದು ಅಂತ ಮೊದ್ಲೇ ಹೇಳು."