ಆಟಿಯಲ್ಲಿ ಕೂರಿಸಿದ ಜೆಟ್

ಶಕ್ತಿನಗರದ ಇಳಿಜಾರಿನಲ್ಲಿರುವ ಲೋಕಯ್ಯನ ಗ್ಯಾರೇಜಿಗೆ ಬೋರ್ಡಿಲ್ಲ. ಬೋರ್ಡು ಯಾಕೆ ಬೇಕು? ಹಳೆಯ ಎಜ್ಡಿ ಬೈಕು ಇಟ್ಟುಕೊಂಡು ಒದ್ದಾಡುವವರಿಗೆ ಈ ಊರಿನಲ್ಲಿ ಬೇರೆ ದಿಕ್ಕೂ ಇಲ್ಲ. ಅರುವತ್ತೆರಡು ವರ್ಷದ ಮನುಷ್ಯ. ಮಾತು ಕಡಿಮೆ, ಆಡಿದ ಮಾತಿನಲ್ಲಿ ಅರ್ಧ ಬೈಗುಳ. ಆದರೂ ಜನ ಅವನನ್ನು ನಂಬಿದ್ದರೆ ಅದಕ್ಕೆ ಕಾರಣ ಒಂದು ಪ್ಲಾಸ್ಟಿಕ್ ಚೀಲ. ಗಾಡಿಯಿಂದ ಬಿಚ್ಚಿ ತೆಗೆದ ಹಳೆಯ ಸಾಮಾನು ಏನೇ ಇರಲಿ, ಸವೆದ ಬುಷ್ಷೋ ತುಂಡಾದ ಕೇಬಲ್ಲೋ, ಎಲ್ಲವನ್ನೂ ಆ ಚೀಲಕ್ಕೆ ಹಾಕಿ ಗಾಡಿಯವರ ಕೈಗೆ ಕೊಡುತ್ತಿದ್ದ. "ಬದಲಿಸಿದ್ದೇನೆ ಅಂತ ನಾನು ಬಾಯಲ್ಲಿ ಹೇಳಿದ್ರೆ ಆಯ್ತಾ? ನೋಡಿ ತಕೊಂಡು ಹೋಗಿ" ಎನ್ನುತ್ತಿದ್ದ.

ಊರಿಗೆಲ್ಲ ಬೈಕ್ ಸರಿಮಾಡುವ ಲೋಕಯ್ಯ ತಾನು ಮಾತ್ರ ಬಸ್ಸಿನಲ್ಲಿ ಹೋಗುತ್ತಾನೆ ಎಂದು ಜನ ನಗುತ್ತಿದ್ದರು. ರಿಪೇರಿಯಾದ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವುದೂ ಇಲ್ಲ. ಗಾಡಿಯವರನ್ನೇ ಕಳಿಸಿ, ಗೇಟಿನ ಹತ್ತಿರ ನಿಂತು ಶಬ್ದ ಕೇಳುತ್ತಾನೆ. ಹಾಗೆ ಕೇಳುವಾಗ ಅವನ ಎಡಗೈಯ ಎರಡು ಬೆರಳು, ಇಲ್ಲದ ಕ್ಲಚ್ಚನ್ನು ಹಿಡಿದಂತೆ ತಾವಾಗಿ ಮಡಚಿಕೊಳ್ಳುತ್ತವೆ. ನರದ ಕಾಯಿಲೆ ಇರಬೇಕು, ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ದೇಯಿ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು. ನರವೂ ಇಲ್ಲ, ಮಣ್ಣೂ ಇಲ್ಲ. ಅದು ಯಾಕೆಂದು ಅವನೊಬ್ಬನಿಗೆ ಗೊತ್ತಿತ್ತು.

ಹೋದ ಜೂನಿನ ಒಂದು ಮಧ್ಯಾಹ್ನ, ಮಳೆ ಹಿಡಿದುಕೊಂಡಿದ್ದಾಗ, ಗ್ಯಾರೇಜಿನ ಮುಂದೆ ಒಂದು ಟೆಂಪೊ ಬಂದು ನಿಂತಿತು. ಹಿಂದೆ ಟಾರ್ಪಾಲಿನಡಿ ಒಂದು ಎಜ್ಡಿ. ಟ್ಯಾಂಕಿನ ಬಲಬದಿಯ ತಗ್ಗು ಕಣ್ಣಿಗೆ ಬಿದ್ದದ್ದೇ ತಡ, ಲೋಕಯ್ಯನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

"ನಾನು ಅಶ್ಮಿತಾ. ಲತೇಶ್ ಅವರ ಮಗಳು," ಅಂದಳು ಟೆಂಪೊದಿಂದ ಇಳಿದ ಹುಡುಗಿ. "ಇದು ಅಪ್ಪನ ಗಾಡಿ. ಇಷ್ಟು ವರ್ಷ ಬಿಜೈಯಲ್ಲಿ ಅತ್ತೆಯ ಮನೆಯ ಶೆಡ್ಡಲ್ಲಿತ್ತು. ಡಿಸೆಂಬರ್ ಕೊನೆಗೆ ಕೊಯಮತ್ತೂರಲ್ಲಿ ಹಳೆ ಬೈಕುಗಳ ರೇಸ್ ಉಂಟು, ಅದಕ್ಕೆ ರೆಡಿ ಮಾಡ್ಬೇಕು. ತಿರುವಲ್ಲಿ ಅಲ್ಲಾಡಬಾರ್ದು. ಮತ್ತೆ ಸ್ಪೀಡ್. ಅಪ್ಪ ಇದರಲ್ಲಿ ನೂರ ಮೂವತ್ತು ಹೋಗ್ತಿದ್ರಂತೆ, ಹೌದಾ ಮಾಮ? ನನಗೆ ನೂರ ಮೂವತ್ತೊಂದು ಬೇಕು."

ಲೋಕಯ್ಯ ಅವಳ ಮುಖ ನೋಡಲಿಲ್ಲ. "ಇದಕ್ಕೆಲ್ಲ ಈಗ ಸಾಮಾನು ಸಿಗುದಿಲ್ಲ ಮಗಾ. ಗುಜರಿಗೆ ಹಾಕು."

"ನಿಮಗೆ ಆಗುದಿಲ್ಲ ಅಂದ್ರೆ ಬೇರೆ ಯಾರ ಹತ್ರ ಆದ್ರೂ ಎಂಜಿನ್ ಬಿಚ್ಚಿಸ್ತೇನೆ."

ಬಿಚ್ಚಿಸ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೋಕಯ್ಯ ಬಿದ್ದ ಸ್ಪ್ಯಾನರ್ ಎತ್ತಿಕೊಂಡು, "ಇಳಿಸು," ಅಂದ.

ಲತೇಶ್ ಖಾಸಗಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಟ್ರಿಪ್ ಸುರತ್ಕಲ್ಲಿನಿಂದ. ಅದಕ್ಕೆ ಅವನು ಆರೂವರೆಗೆಲ್ಲ ಬೈಕಿನಲ್ಲಿ ಕೂಳೂರು ಸೇತುವೆ ದಾಟಬೇಕಿತ್ತು. ಬಸ್ಸನ್ನೇ ರಾಕೆಟ್ಟಿನ ಹಾಗೆ ಬಿಡುವವನು, ಬೈಕನ್ನು ಸುಮ್ಮನೆ ಬಿಡುತ್ತಾನೆಯೇ? ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಬಂದು, "ಲೋಕಯ್ಯಣ್ಣ, ಇದು ಹಾರ್ಬೇಕು" ಅಂದಿದ್ದ. ಲೋಕಯ್ಯನಿಗೆ ಆಗ ನಲುವತ್ತೊಂದು, ಕೈಯಲ್ಲಿ ಕಸುಬು, ತಲೆಯಲ್ಲಿ ಪಿತ್ತ. ಮುಂದಿನ ಹಲ್ಲುಚಕ್ರ ಬದಲಿಸಿದ. ಹೊಗೆ ಹೋಗುವ ದಾರಿಯನ್ನು ಉಜ್ಜಿ ಕನ್ನಡಿ ಮಾಡಿದ. ಕೊನೆಗೆ ಕಾರ್ಬ್ಯುರೇಟರಿನ ಜೆಟ್. ಹಿತ್ತಾಳೆಯ ಒಂದು ಪುಟ್ಟ ಸ್ಕ್ರೂ ಅದು, ನಡುವೆ ಕೂದಲೆಳೆಯಷ್ಟು ತೂತು. ಎಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕೆಂದು ಹೇಳುವುದು ಆ ತೂತೇ. ಆಟಿ, ಅಂದರೆ ಆಷಾಢ ತಿಂಗಳ ಒದ್ದೆ ಗಾಳಿಯಲ್ಲಿ ಎಂಜಿನ್ ಗೊರಗೊರ ಅನ್ನುತ್ತಿತ್ತು. ಪೆಟ್ರೋಲು ಜಾಸ್ತಿಯಾಯಿತೆಂದು ಎರಡು ನಂಬರ್ ಸಣ್ಣ ಜೆಟ್ ಕೂರಿಸಿದ. ಗಾಡಿ ನೂರ ಮೂವತ್ತು ಹೋಯಿತು. ಇಡೀ ಜಿಲ್ಲೆಯಲ್ಲಿ ಅಂಥ ಎಜ್ಡಿ ಇಲ್ಲ ಎಂದು ಊರೆಲ್ಲ ಮಾತು.

ಮಳೆಗೆ ಕೂರಿಸಿದ ಜೆಟ್ ಚಳಿಗೆ ಆಗುವುದಿಲ್ಲ. ಮಳೆ ನಿಂತು ಗಾಳಿ ಒಣಗಿದರೆ ಎಂಜಿನ್ನಿಗೆ ಪೆಟ್ರೋಲು ಸಾಲುವುದಿಲ್ಲ. ಈ ಗಾಡಿಗೆ ಆಯಿಲ್ ಹೋಗುವುದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಅದೂ ಕಡಿಮೆಯಾಗುತ್ತದೆ. ಪಿಸ್ಟನ್ ಕಾದು, ಉಬ್ಬಿ, ಸಿಲಿಂಡರಿಗೆ ಕಚ್ಚಿಕೊಂಡು ಬಿಡುತ್ತದೆ. ಇದು ಲೋಕಯ್ಯನಿಗೆ ಗೊತ್ತಿಲ್ಲದ ಸಂಗತಿಯಲ್ಲ. ನವೆಂಬರಿನಲ್ಲಿ ಲತೇಶ್ ಬಂದು, "ಜೆಟ್ ಬದಲಿಸ್ಬೇಕು ಅಂದಿದ್ರಲ್ಲ?" ಎಂದು ಕೇಳಿದ್ದ ಕೂಡ.

"ಚೆಂದ ಓಡ್ತಾ ಉಂಟಲ್ಲ ಮಾರಾಯ. ಈಗ ದೊಡ್ಡದು ಹಾಕಿದ್ರೆ ಸ್ಪೀಡ್ ಹತ್ತು ಇಳೀತದೆ. ಇರ್ಲಿ, ಆಮೇಲೆ ನೋಡುವ," ಅಂದಿದ್ದ ಲೋಕಯ್ಯ.

ಮರೆತದ್ದಲ್ಲ. ನೂರ ಮೂವತ್ತು ಅನ್ನುವ ಹೆಸರು ಇಳಿಯಬಾರದು ಎಂಬ ಆಸೆ.

ಡಿಸೆಂಬರಿನ ಒಂದು ಬೆಳಿಗ್ಗೆ ಕೂಳೂರು ಸೇತುವೆಯಾಚೆಯ ನೇರ ರಸ್ತೆಯಲ್ಲಿ ಲತೇಶ್ ಬಿದ್ದ, ಅಲ್ಲೇ ಜೀವ ಹೋಯಿತು. ಲೋಕಯ್ಯ ಓಡಿಹೋಗಿ ನೋಡಿದಾಗ ಡಾಂಬರಿನ ಮೇಲೆ ಒಂದೇ ಒಂದು ಕಪ್ಪು ಗೆರೆ, ನೇರವಾಗಿ, ಉದ್ದಕ್ಕೆ. ಪಿಸ್ಟನ್ ಕಚ್ಚಿಕೊಂಡು, ಓಡುತ್ತಿದ್ದ ಹಿಂದಿನ ಚಕ್ರ ಒಮ್ಮೆಲೇ ನಿಂತುಹೋದ ಗೆರೆ. ಅದು ಮುಗಿದಲ್ಲಿ ಲಾರಿಯಿಂದ ಚೆಲ್ಲಿದ ಒಂದಿಷ್ಟು ಮರಳು. "ನೀನು ಮೆಕ್ಯಾನಿಕ್ಕಾ? ಎಂತ ಆಗಿರ್ಬಹುದು?" ಎಂದು ಪೊಲೀಸರು ಕೇಳಿದರು. "ಮರಳು ಸಾರ್," ಅಂದ. ಊರೆಲ್ಲ ಮರಳು ಅಂತಲೇ ಹೇಳಿತು. ಲತೇಶನ ಮಗಳಿಗೆ ಆಗ ಎರಡೂವರೆ ವರ್ಷ.

ಈಗ ಆ ಮಗಳೇ ಗಾಡಿ ತಂದು ನಿಲ್ಲಿಸಿದ್ದಾಳೆ.

ಲೋಕಯ್ಯ ಎಂಜಿನ್ ಮುಟ್ಟಲಿಲ್ಲ. ತಿರುವಿನಲ್ಲಿ ಅಲ್ಲಾಡದಂತೆ ಮಾಡುವುದೇ ಮೊದಲ ಕೆಲಸ ಎಂದು ಅಲ್ಲೇ ಒಂದು ತಿಂಗಳು ಕಳೆದ. ಹ್ಯಾಂಡಲಿನ ಬುಡಕ್ಕೆ ಹೊಸ ಬೇರಿಂಗ್ ಕೂರಿಸಿದ. ಹಿಂದಿನ ಚಕ್ರ ಹಿಡಿಯುವ ತೋಳಿಗೆ ಲೇತಿನಲ್ಲಿ ಕಂಚಿನ ಬುಷ್ ಮಾಡಿಸಿ ತಂದ. ಮುಂದಿನ ಫೋರ್ಕಿಗೆ ದಪ್ಪ ಆಯಿಲ್ ಹಾಕಿದ, ಹೊಸ ಕಾಲದ ಗಾಡಿಯ ಡಿಸ್ಕ್ ಬ್ರೇಕ್ ಹೊಂದಿಸಿದ. ಕೆಲಸವೇನೋ ಅಚ್ಚುಕಟ್ಟು. ಆದರೆ ಒಬ್ಬನೇ ಇದ್ದಾಗ ಶೆಡ್ಡಿನಲ್ಲಿ ಬಿಸಿ ಆಯಿಲಿನ ವಾಸನೆ ಬರುತ್ತಿತ್ತು. ಇಪ್ಪತ್ತು ವರ್ಷ ತಣ್ಣಗೆ ಕುಳಿತ ಎಂಜಿನ್ನಿಗೆ ವಾಸನೆ ಎಲ್ಲಿಂದ? ಕಿಕ್ಕರ್ ಒತ್ತಿದರೆ ಕೂದಲಷ್ಟೂ ಅಲುಗುವುದಿಲ್ಲ. ಒಳಗಿನಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗೆ. ಬೆನ್ನು ಹಾಕಿ ಕುಳಿತರೆ ಸೀಟಿನ ಸ್ಪ್ರಿಂಗ್ ಕಿರ್ ಅನ್ನುತ್ತಿತ್ತು. ತಿರುಗಿ ನೋಡುವ ಧೈರ್ಯ ಅವನಿಗೆ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವನು ಮೂರು ಗಂಟೆಯವರೆಗೂ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಭಾನುವಾರ ಭಾನುವಾರ ಅಶ್ಮಿತಾ ಬರುತ್ತಿದ್ದಳು. ಕೊಡಿಯಾಲ್‌ಬೈಲಿನ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ. "ಎಂಜಿನ್ ಯಾವಾಗ ಮಾಮ?" ಎಂದು ಕೇಳಿದರೆ, "ಮಳೆ ಕಮ್ಮಿ ಆಗ್ಲಿ," ಎಂಬ ಒಂದೇ ಉತ್ತರ.

ಆಟಿ ಬಂತು. ತೀರಿಕೊಂಡವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ದಿನವೂ ಬಂತು. ದೇಯಿ ಕೋಳಿ ಸಾರು, ರೊಟ್ಟಿ ಮಾಡಿ, ಒಳಕೋಣೆಯಲ್ಲಿ ಮಾವನಿಗೆ, ಅತ್ತೆಗೆ, ಚಿಕ್ಕಂದಿನಲ್ಲಿ ಹೋದ ನಾದಿನಿಗೆ ಎಲೆ ಹಾಕಿದಳು. ಲೋಕಯ್ಯ ಪ್ರತಿವರ್ಷದಂತೆ ಇನ್ನೊಂದು ಎಲೆ ತಂದಿಟ್ಟ. ಬಡಿಸಿ, ಬಾಗಿಲು ಎಳೆದುಕೊಂಡು, ಇಬ್ಬರೂ ಹೊರಗೆ ಕುಳಿತರು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು.

"ಇಪ್ಪತ್ತು ವರ್ಷ ಆಯ್ತು ಆ ಎಲೆ ಇಡ್ಲಿಕ್ಕೆ ತೊಡಗಿ," ಅಂದಳು ದೇಯಿ. "ಪ್ರತಿಸಲ ಕೇಳಿದ್ರೂ ಹೆಸರಿಲ್ಲದವರಿಗೆ ಅಂತೀರಿ. ಈ ವರ್ಷ ನಿಮ್ಮ ಮುಖದಲ್ಲಿ ರಕ್ತವೇ ಇಲ್ಲ. ಯಾರಿಗೆ ಅದು?"

ಲೋಕಯ್ಯ ಹೇಳಿದ. ಜೆಟ್ಟಿನಿಂದ ಹಿಡಿದು ಮರಳಿನವರೆಗೆ, ಒಂದನ್ನೂ ಬಿಡದೆ ಹೇಳಿದ.

ದೇಯಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಅಂದಳು: "ಅವನ ಹೆಂಡತಿ ಮಗಳ ಹತ್ರ ಸುಳ್ಳು ಹೇಳಿ, ಅವನಿಗೆ ನನ್ನ ಕೈಯಿಂದ ಅನ್ನ ಬಡಿಸಿದ್ದೀರಿ. ಅವ ಒಂದು ವರ್ಷವಾದ್ರೂ ತಿಂದಿದ್ದಾನೆ ಅಂತ ಮಾಡಿದ್ದೀರಾ? ಎಲೆಯ ಮುಂದೆ ಕೂತು ಕಾಯ್ತಾ ಇರ್ತಾನೆ ಅಷ್ಟೆ."

ಆ ಮಾತು ಲೋಕಯ್ಯನನ್ನು ಚುಚ್ಚಿತು. ಮಾರನೆಯ ದಿನ ಎಂಜಿನ್ ಬಿಚ್ಚಿದ. ಸಿಲಿಂಡರಿಗೆ ಬಿಸಿ ಎಣ್ಣೆ ಬಿಟ್ಟು, ಮರದ ತುಂಡಿಟ್ಟು, ಎರಡು ದಿನ ಮೆಲ್ಲಗೆ ಬಡಿದ ಮೇಲೆ ಪಿಸ್ಟನ್ ಹೊರಗೆ ಬಂತು. ಮೈತುಂಬ ಉದ್ದುದ್ದ ಗೀರು, ಒಂದು ಬದಿ ಕರಗಿ ಮೆತ್ತಿಕೊಂಡಿತ್ತು. ಕಾರ್ಬ್ಯುರೇಟರಿನಲ್ಲಿ ಅದೇ ಹಿತ್ತಾಳೆಯ ಜೆಟ್, ಅದೇ ನಂಬರು. ಗುಜರಿಯವನು ಗುರುವಾರ ಬರುತ್ತಾನೆ. ಅವನ ಗೋಣಿಗೆ ಹಾಕಿದರೆ ಇದು ಇಲ್ಲಿಗೆ ಮುಗಿಯಿತು, ಯಾವ ಮಗಳಿಗೂ ಗೊತ್ತಾಗುವುದಿಲ್ಲ. ಗುರುವಾರ ಗುಜರಿಯವನು ಬಂದ. ಲೋಕಯ್ಯ ಪಿಸ್ಟನ್ನನ್ನು ಕೈಗೆತ್ತಿಕೊಂಡ. ಮತ್ತೆ ಕೆಳಗಿಟ್ಟು, ಅವನನ್ನು ಬರಿಗೈಯಲ್ಲಿ ಕಳಿಸಿದ.

ಭಾನುವಾರ ಚೀಲವನ್ನು ಅಶ್ಮಿತಾಳ ಕೈಗೆ ಕೊಟ್ಟ. "ಇದು ನಿನ್ನ ಅಪ್ಪನ ಗಾಡಿಯ ಹಳೇ ಸಾಮಾನು. ಮರಳಿಂದ ಬಿದ್ದದ್ದಲ್ಲ ಮಗಾ. ನನ್ನಿಂದ ಬಿದ್ದದ್ದು."

ಅವಳು ಪಿಸ್ಟನ್ ಹಿಡಿದುಕೊಂಡೇ ಎಲ್ಲ ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಲೋಕಯ್ಯನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಅಪ್ಪನಿಗೆ ಗೊತ್ತಾಗಿರ್ಬಹುದಾ? ಬೀಳುವ ಮೊದ್ಲು?"

"ಶಬ್ದ ಸಪೂರ ಆಗ್ತದೆ, ಕಿಣಿಕಿಣಿ ಅಂತ. ಎರಡು ಸೆಕೆಂಡ್. ಆಗ ಕ್ಲಚ್ ಹಿಡಿದ್ರೆ ಚಕ್ರ ಬಿಟ್ಟುಕೊಳ್ತದೆ."

"ಅಂದ್ರೆ ಉಳೀತಿದ್ರು."

"ಹೌದು. ಎರಡು ಬೆರಳು ಯಾವಾಗ್ಲೂ ಕ್ಲಚ್ಚಿನ ಮೇಲೆ ಇರ್ಬೇಕು. ನಾನು ಅದನ್ನೂ ಅವನಿಗೆ ಹೇಳ್ಲಿಲ್ಲ."

ಅಶ್ಮಿತಾಳ ಕಣ್ಣು ಅವನ ಎಡಗೈಯ ಮೇಲೆ ನಿಂತಿತು. ಆ ಎರಡು ಬೆರಳು ಮಡಚಿಕೊಂಡೇ ಇದ್ದವು. ಅವಳು ಚೀಲ ತೆಗೆದುಕೊಂಡು ಮಳೆಯಲ್ಲೇ ನಡೆದುಹೋದಳು.

ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಬಿಚ್ಚಿದ ಗಾಡಿ ಶೆಡ್ಡಿನಲ್ಲೇ ಉಳಿಯಿತು. ಯಾವ ಸ್ಕೂಟರ್ ನಿಂತರೂ ಲೋಕಯ್ಯ ಕೆಲಸ ಬಿಟ್ಟು ಗೇಟಿನತ್ತ ನೋಡುತ್ತಿದ್ದ. ಪೊಲೀಸರು ಬರಲಿ ಅನ್ನಿಸುತ್ತಿತ್ತು, ಯಾರಾದರೂ ಬಂದು ಒಂದೇಟು ಹೊಡೆಯಲಿ ಅನ್ನಿಸುತ್ತಿತ್ತು. ಯಾರೂ ಬರಲಿಲ್ಲ. ನವೆಂಬರ್ ಕೊನೆಗೆ ಅಶ್ಮಿತಾ ಬಂದಳು.

"ಅಮ್ಮನಿಗೆ ಹೇಳಿದೆ. ಮೂರು ತಿಂಗಳು ಅಮ್ಮ ಆ ಪಿಸ್ಟನ್ನನ್ನು ಅಪ್ಪನ ಫೋಟೋದ ಎದುರು ಇಟ್ಟಿದ್ರು. ನಿನ್ನೆ ಒಂದೇ ಮಾತು ಹೇಳಿದ್ರು. ಗಾಡಿ ಪೂರ್ತಿ ಮಾಡ್ಬೇಕಂತೆ. ಮಾಡಿ, ಮೊದ್ಲು ನೀವೇ ಓಡಿಸ್ಬೇಕಂತೆ. ಅಲ್ಲೇ ಕೂಳೂರಲ್ಲಿ, ಅದೇ ಹೊತ್ತಿಗೆ, ಫುಲ್ ಸ್ಪೀಡಲ್ಲಿ. ಆಮೇಲೆ ನಾನು ಮುಟ್ಟುದು."

ಲೋಕಯ್ಯ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿದ. ಜೆಟ್ ಕೂರಿಸುವ ದಿನ ಬಾಗಿಲು ತೆರೆದಿಟ್ಟು, ಒಣ ಗಾಳಿ ಒಳಗೆ ಬರುವುದನ್ನು ಕಾದ. ಆ ಸಣ್ಣ ಹಿತ್ತಾಳೆಯ ತುಂಡನ್ನು ಬೆಳಕಿಗೆ ಹಿಡಿದು ನಂಬರು ಓದಿ ಕೂರಿಸಿದ. ಹಳೆಯದಕ್ಕಿಂತ ಎರಡು ನಂಬರ್ ದೊಡ್ಡದು.

ಡಿಸೆಂಬರಿನ ಎರಡನೆಯ ಭಾನುವಾರ, ಬೆಳಿಗ್ಗೆ ಆರೂವರೆ. ಸೇತುವೆಯಾಚೆ ರಸ್ತೆಬದಿಯಲ್ಲಿ ಲತೇಶನ ಹೆಂಡತಿ ವಾರಿಜ ಮಗಳ ಜೊತೆ ನಿಂತಿದ್ದಳು, ತಲೆಗೆ ಶಾಲು ಸುತ್ತಿ. ಇಪ್ಪತ್ತೊಂದು ವರ್ಷದ ಮೇಲೆ ಲೋಕಯ್ಯ ಬೈಕ್ ಹತ್ತಿದ.

ಎಂಬತ್ತು. ನೂರು. ಗಾಡಿ ಹಳಿಯ ಮೇಲೆ ಹೋದಂತೆ ನೇರ ಹೋಗುತ್ತಿತ್ತು. ತಣ್ಣನೆಯ ಗಾಳಿಗೆ ಕಣ್ಣಲ್ಲಿ ನೀರು. ಹಿಂದಿನ ಸೀಟಿನಲ್ಲಿ ಭಾರ ಇದ್ದಂತೆ, ಯಾರೋ ಬಗ್ಗಿ ತನ್ನ ಜೊತೆಗೇ ಎಂಜಿನ್ನಿನ ಶಬ್ದ ಕೇಳುತ್ತಿರುವಂತೆ ಅವನಿಗೆ ಅನ್ನಿಸಿತು. ಈ ಸಲ ಹೆದರಿಕೆಯಾಗಲಿಲ್ಲ. ಕೇಳು ಮಾರಾಯ, ನೀನೇ ಕೇಳಿ ಹೇಳು ಎಂದು ಮನಸ್ಸಿನಲ್ಲೇ ಅಂದುಕೊಂಡ. ಎಕ್ಸಿಲರೇಟರ್ ಪೂರ್ತಿ ತಿರುಗಿಸಿದ. ನೂರ ಇಪ್ಪತ್ತೆರಡರಲ್ಲಿ ಮುಳ್ಳು ನಿಂತಿತು, ಮೇಲೆ ಹೋಗಲಿಲ್ಲ. ಶಬ್ದ ದಪ್ಪಗಿತ್ತು, ಪೆಟ್ರೋಲು ಸಾಕಷ್ಟು ಕುಡಿದು ಒದ್ದೆಯಾಗಿತ್ತು, ಎಲ್ಲೂ ಸಪೂರವಾಗಲಿಲ್ಲ. ಕಪ್ಪು ಗೆರೆ ಇದ್ದ ಜಾಗ ಬಂತು, ದಾಟಿಹೋಯಿತು.

ತಿರುಗಿ ಬಂದು ಅವರ ಮುಂದೆ ನಿಲ್ಲಿಸಿದ. ಎಂಜಿನ್ ಆರಿಸಿದರೂ ಎಡಗೈ ಕ್ಲಚ್ ಬಿಡಲಿಲ್ಲ. ಅಶ್ಮಿತಾ ಹತ್ತಿರ ಬಂದು ಅವನ ಎರಡು ಬೆರಳನ್ನು ಒಂದೊಂದಾಗಿ ಬಿಡಿಸಿದಳು.

"ಎಷ್ಟು ಹೋಯ್ತು ಲೋಕಯ್ಯಣ್ಣ?" ವಾರಿಜ ಕೇಳಿದಳು.

"ನೂರ ಇಪ್ಪತ್ತೆರಡು."

ವಾರಿಜ ರಸ್ತೆ ನೋಡಿದಳು. ಆಮೇಲೆ ಮೀಟರ್ ನೋಡಿದಳು.

"ಇಷ್ಟು ಸಾಕಿತ್ತು ಅವರಿಗೆ," ಅಂದಳು.